ರಾಗಿ ಮುದ್ದೆ ತಿನ್ನುವ ಮೀನು

ಕುಕ್ಕುಂದೂರಿನ ತೋಡಿನ ಬದಿಯಲ್ಲಿ ಮೊಮ್ಮಗ ಗಾಳ ಹಿಡಿದು ಕೂತರೆ ನನಗೆ ಭೀಮೇಶ್ವರಿ ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನಲ್ಲಿ, ಕಾವೇರಿ ದಡದ ಕಾಡು ಅದು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಆ ಕಡೆಗೆ ವರ್ಗವಾಗಿದ್ದಾಗ ಒಂದು ಭಾನುವಾರ ಹೋಗಿದ್ದೆ.

ತಮ್ಮ ದೇಶದ ತಣ್ಣನೆಯ ನದಿಗಳಲ್ಲಿ ಸಾಲ್ಮನ್, ಟ್ರೌಟ್ ಹಿಡಿಯುವ ವಿದೇಶಿಯರು ನಮ್ಮ ಮಹಶೀರ್ ಮೀನಿಗಾಗಿ ಅಲ್ಲಿಗೆ ಬರುತ್ತಿದ್ದರು. ದಾರಿ ತೋರಿಸುವವರು ಊರಿನವರೇ. ಹರಿಗೋಲು ನಡೆಸುವುದು, ಮಡು ಗುರುತಿಸುವುದು ಎಲ್ಲ ಅವರೇ. ಗಾಳಕ್ಕೆ ಏನು ಗೊತ್ತೇ? ಬೇಯಿಸಿದ ರಾಗಿ ಹಿಟ್ಟಿನ ಉಂಡೆ! ಕುಚ್ಚಲಕ್ಕಿ ಗಂಜಿಯವನಾದ ನನಗೆ ನಗು ತಡೆಯಲಾಗಲಿಲ್ಲ.

ಇದೇನು ಸಣ್ಣ ಮೀನಲ್ಲ ಮಕ್ಕಳೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಅವರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ. ಅಕ್ಕಿ ಮೂಟೆಗಿಂತ ಭಾರ!

ಆದರೆ ಭೀಮೇಶ್ವರಿಯಲ್ಲಿ ಹಿಡಿದ ಮೀನನ್ನು ತೂಗಿ ನದಿಗೇ ಬಿಡಬೇಕಿತ್ತು. ಸುಸ್ತಾದ ಮೀನನ್ನು ಹರಿವಿಗೆ ಮುಖ ಮಾಡಿ, ಕಿವಿರು ಸರಿಯಾಗಿ ಆಡುವವರೆಗೆ ಹಿಡಿದುಕೊಂಡೇ ಇದ್ದ ಒಬ್ಬ. ಹಿಂದೆ ನೀರಿಗೆ ತೋಟೆ ಹಾಕಿ ಮೀನು ಕೊಂದವನಂತೆ. “ತಿಂದ್ರೆ ಒಂದಿನದ ಸಾರು ಸಾರ್, ಬಿಟ್ರೆ ನಾಳೇನೂ ಕೂಲಿ” ಎಂದ.

ಮುಂದೆ ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದೇ ನಿಂತಿತು. 2018ರಲ್ಲಿ ಈ ಡುಬ್ಬದ ಮಹಶೀರ್ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಇವತ್ತು ಮೊಮ್ಮಗನಿಗೆ ಸಿಕ್ಕಿದ್ದು ಬೆರಳುದ್ದದ್ದು. ಪದಾರ್ಥಕ್ಕೆ ಸಾಲದು.

“ಬಿಡಲಾ ಅಜ್ಜ?”

“ಬಿಡು. ಬಾಲ ಆಡಿಸುವವರೆಗೆ ನೀರಲ್ಲೇ ಹಿಡಿದುಕೋ” ಎಂದೆ.