ವಿದ್ವತ್ತು ಅಧಿಕಾರಪೀಠವನ್ನೇರಿದಾಗ

ವಿದ್ವಾಂಸನಿಗೆ ಅಧಿಕಾರವು ಸಲ್ಲದೆಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಓದಿದವನು ರಾಜಕಾರಣಕ್ಕಿಳಿದರೆ ಒಂದೋ ಅವನ ಓದು ಕೆಡುತ್ತದೆ, ಇಲ್ಲವೆ ರಾಜ್ಯ ಕೆಡುತ್ತದೆ ಎಂದು ಮಠಕ್ಕೆ ಬರುವ ತರುಣರು ನಮ್ಮೊಡನೆ ವಾದಿಸುವುದುಂಟು. ಆಗೆಲ್ಲ ನಮ್ಮ ನೆನಪಿಗೆ ಬರುವವರು ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ಫರ್ನಾಂಡೊ ಎನ್ರಿಕೆ ಕಾರ್ಡೊಸೊ ಅವರು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ದಿನಗಳಲ್ಲಿ ನಾವು ಅವರನ್ನು ಗ್ರಂಥಕರ್ತರೆಂದಷ್ಟೇ ಅರಿತಿದ್ದೆವು. ಮುಂದೆ ಅವರು ತಮ್ಮ ದೇಶದ ಅಧ್ಯಕ್ಷರಾದರೆಂಬ ವಾರ್ತೆಯನ್ನು ಓದಿದಾಗ, ಈ ವಿದ್ವಾಂಸರ ನುಡಿಗೆ ಇನ್ನು ನಡೆಯ ಪರೀಕ್ಷೆ ಬಂದೊದಗಿತೆಂದು ಕುತೂಹಲದಿಂದ ಕಾದೆವು. ಆ ಪರೀಕ್ಷೆಯ ಫಲವನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಕಾರ್ಡೊಸೊ ಅವರು ಜನಿಸಿದ್ದು 1931ರ ಜೂನ್ 18ರಂದು, ರಿಯೊ ಡಿ ಜನೈರೊ ನಗರದಲ್ಲಿ. ಅವರದು ಸೇನಾಧಿಕಾರಿಗಳ ಮನೆತನ. ಆದರೆ ಈ ಕುಡಿ ಒಲಿದದ್ದು ಶಸ್ತ್ರಕ್ಕಲ್ಲ, ಶಾಸ್ತ್ರಕ್ಕೆ. ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ ಫ್ಲೊರೆಸ್ತಾನ್ ಫರ್ನಾಂಡಿಸ್ ಎಂಬ ಹಿರಿಯ ಸಮಾಜಶಾಸ್ತ್ರಜ್ಞರ ಶಿಷ್ಯರಾಗಿ ಅವರು ಕೈಗೊಂಡ ಸಂಶೋಧನೆಯ ವಿಷಯ ಗುಲಾಮಗಿರಿ. ಬ್ರೆಜಿಲ್‌ನಲ್ಲಿ ಗುಲಾಮಗಿರಿಯು ರದ್ದಾದದ್ದು 1888ರಲ್ಲಿ. ಆ ಬಳಿಕ ನಮ್ಮಲ್ಲಿ ವರ್ಣಭೇದವೇ ಇಲ್ಲವೆಂದು ಆ ದೇಶದ ಗಣ್ಯರು ಹೆಮ್ಮೆಪಡುತ್ತಿದ್ದರು. ಗುರುಶಿಷ್ಯರ ಅಧ್ಯಯನಗಳು ಆ ಹೆಮ್ಮೆ ಹುಸಿಯೆಂದು ತೋರಿಸಿಕೊಟ್ಟವು.

1964ರಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಿತು. ಕಾರ್ಡೊಸೊ ದೇಶವನ್ನು ತೊರೆದು ಚಿಲಿಯ ಸ್ಯಾಂಟಿಯಾಗೊ ನಗರವನ್ನು ಸೇರಿದರು. ಅಲ್ಲಿ ಎಂಜೊ ಫಾಲೆಟ್ಟೊ ಅವರೊಡನೆ ರಚಿಸಿದ ಗ್ರಂಥವು 1969ರಲ್ಲಿ ಪ್ರಕಟವಾಗಿ ಅವರಿಗೆ ಜಗತ್ತಿನ ಕೀರ್ತಿಯನ್ನು ತಂದಿತು. ಬಡದೇಶಗಳು ಸಿರಿವಂತ ದೇಶಗಳ ಮೇಲೆ ಹೇಗೆ ಅವಲಂಬಿಸಿರುವುವೆಂಬುದೇ ಅದರ ವಿಚಾರ. ಆದರೆ ಎಲ್ಲ ದೋಷವನ್ನೂ ಹೊರಗಿನವರ ತಲೆಗೆ ಕಟ್ಟಿ ಅದು ಕೈತೊಳೆದುಕೊಳ್ಳುವುದಿಲ್ಲ. ಅವಲಂಬನೆಯ ನಡುವೆಯೂ ಬೆಳವಣಿಗೆ ಸಾಧ್ಯ. ಅದು ಯಾವ ದಾರಿ ಹಿಡಿಯುವುದೆಂಬುದನ್ನು ಆಯಾ ದೇಶದ ಒಳಗಿನ ವರ್ಗಗಳ ಸಂಬಂಧವೂ ನಿರ್ಧರಿಸುತ್ತದೆ ಎಂಬುದು ಅದರ ಸಾರ.

1968ರಲ್ಲಿ ಸ್ವದೇಶಕ್ಕೆ ಮರಳಿ ಪ್ರಾಧ್ಯಾಪಕರಾದರೂ ಆ ಪದವಿ ಬಹಳ ದಿನ ಉಳಿಯಲಿಲ್ಲ. 1969ರಲ್ಲಿ, ಮೂವತ್ತೇಳರ ಹರೆಯದಲ್ಲಿ, ಸೈನಿಕ ಸರಕಾರವು ಅವರಿಗೆ ಕಡ್ಡಾಯ ನಿವೃತ್ತಿಯನ್ನು ವಿಧಿಸಿತು. ಪರದೇಶಗಳಲ್ಲಿ ಗೌರವದ ಹುದ್ದೆ ದೊರೆಯುತ್ತಿದ್ದರೂ ಅವರು ಈ ಸಲ ದೇಶ ಬಿಡಲಿಲ್ಲ. ಗೆಳೆಯರೊಡಗೂಡಿ ಸಾವೊ ಪಾಲೊದಲ್ಲಿಯೇ ಸಂಶೋಧನ ಕೇಂದ್ರವೊಂದನ್ನು ಕಟ್ಟಿದರು. 1976ರಲ್ಲಿ ಅದರ ಮೇಲೆ ಬಾಂಬು ಬಿದ್ದಿತು. ಕೇಂದ್ರ ಮುಚ್ಚಲಿಲ್ಲ.

1983ರಲ್ಲಿ ಸೆನೆಟ್ ಪ್ರವೇಶಿಸಿದ ಈ ಪಂಡಿತರಿಗೆ ಲೋಕವು ಬೇಗನೆ ಒಂದು ಪಾಠ ಕಲಿಸಿತು. 1985ರಲ್ಲಿ ಸಾವೊ ಪಾಲೊ ನಗರದ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಿದ್ದ ಅವರು, ಗೆಲುವು ತಮ್ಮದೇ ಎಂಬ ಭರವಸೆಯಿಂದ, ಮತದಾನಕ್ಕೆ ಮುನ್ನವೇ ಮೇಯರರ ಕುರ್ಚಿಯಲ್ಲಿ ಕುಳಿತು ಛಾಯಾಚಿತ್ರ ತೆಗೆಸಿಕೊಂಡರು. ಸೋತರು. ಗೆದ್ದ ಜಾನಿಯೊ ಕ್ವಾಡ್ರೊಸ್ ಕ್ರಿಮಿನಾಶಕದಿಂದ ಆ ಕುರ್ಚಿಯನ್ನು ಶುದ್ಧಗೊಳಿಸಿಯೇ ಕುಳಿತರು! ಪೀಠವು ದೊರೆಯುವ ಮುನ್ನವೇ ಅದರ ಮೇಲೆ ಕೂರುವ ಆತುರ ವಿದ್ವಾಂಸರನ್ನೂ ಬಿಡದು.

1993ರ ಮೇ ತಿಂಗಳಲ್ಲಿ ಅಧ್ಯಕ್ಷ ಇತಮಾರ್ ಫ್ರಾಂಕೊ ಅವರನ್ನು ಹಣಕಾಸು ಮಂತ್ರಿಯನ್ನಾಗಿ ನೇಮಿಸಿದರು. ಆ ವರ್ಷದ ಹಣದುಬ್ಬರ ಶೇಕಡ 2,400ನ್ನೂ ಮೀರಿತ್ತು. ಬೆಳಗಿನ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಹಣವನ್ನು ಬ್ಯಾಂಕಿನಲ್ಲಿಟ್ಟು ಕಾಪಾಡಿಕೊಳ್ಳುವ ದಾರಿಯಿಲ್ಲದ ಕೂಲಿಕಾರನ ಸಂಬಳ ಅವನ ಕಣ್ಣೆದುರಿಗೇ ಕರಗುತ್ತಿತ್ತು. ಕಾರ್ಡೊಸೊ ಅರ್ಥಶಾಸ್ತ್ರಜ್ಞರಲ್ಲ. ಆದುದರಿಂದ ಬಲ್ಲವರನ್ನು ಕೂಡಿಸಿಕೊಂಡು, ಅವರ ಮಾತನ್ನು ಕೇಳಿ, ಜನರಿಗೆ ತಿಳಿಯುವಂತೆ ವಿವರಿಸುವುದೇ ತಮ್ಮ ಕೆಲಸವೆಂದು ಬಗೆದರು. 1994ರ ಮಾರ್ಚ್‌ನಿಂದ ಬೆಲೆ ಸಂಬಳಗಳನ್ನು ಸ್ಥಿರವಾದೊಂದು ಲೆಕ್ಕದ ಮಾನದಲ್ಲಿ ಗುರುತಿಸುವ ಏರ್ಪಾಡಾಯಿತು. ಹಳೆಯ ನಾಣ್ಯದಲ್ಲಿ ಅದರ ಬೆಲೆಯನ್ನು ದಿನದಿನವೂ ಪ್ರಕಟಿಸುತ್ತಿದ್ದರು. ಜನರ ಮನಸ್ಸು ಆ ಮಾನಕ್ಕೆ ಒಗ್ಗಿದ ಮೇಲೆ ಜುಲೈ 1ರಂದು ಅದೇ 'ರಿಯಾಲ್' ಎಂಬ ಹೊಸ ನಾಣ್ಯವಾಯಿತು. ಹಳೆಯ 2,750ಕ್ಕೆ ಹೊಸತು ಒಂದು. ಬೆಲೆಗಳು ಹತೋಟಿಗೆ ಬಂದವು. ಅದೇ ಅಕ್ಟೋಬರಿನಲ್ಲಿ ಜನರು ಅವರನ್ನು ಮೊದಲ ಸುತ್ತಿನಲ್ಲಿಯೇ ಅಧ್ಯಕ್ಷರನ್ನಾಗಿ ಆರಿಸಿದರು. 1996ರ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ದೆಹಲಿಗೂ ಅವರು ಬಂದಿದ್ದರು.

ಪೀಠವೇರಿದ ಮೇಲೆ, ತಾವು ಹಿಂದೆ ಬರೆದುದನ್ನು ಮರೆತುಬಿಡಿರೆಂದು ಅವರು ಹೇಳಿದರೆಂಬ ಅಪವಾದ ಹಬ್ಬಿತು. ತಾವು ಹಾಗೆ ಹೇಳಿಯೇ ಇಲ್ಲವೆಂದು ಅವರು ಸಾರಿದರೂ ಅದು ಬೆನ್ನುಬಿಡಲಿಲ್ಲ. ಸರಕಾರದ ಗಣಿ, ದೂರವಾಣಿ ಸಂಸ್ಥೆಗಳನ್ನು ಮಾರಿದುದು, ತಮ್ಮ ಮರುಆಯ್ಕೆಗೆ ದಾರಿಯಾಗುವಂತೆ 1997ರಲ್ಲಿ ಸಂವಿಧಾನವನ್ನು ತಿದ್ದಿಸಿದುದು, 1999ರ ನಾಣ್ಯ ಕುಸಿತ, 2001ರ ವಿದ್ಯುತ್ ಕ್ಷಾಮ ಇವೆಲ್ಲವೂ ಟೀಕೆಗೆ ಗುರಿಯಾದವು. ಈ ಟೀಕೆಯನ್ನು ಅಲ್ಲಗಳೆಯುವಂತಿಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ತರುಣ ಸಂಶೋಧಕರಾಗಿ ಕಂಡ ವರ್ಣಭೇದವನ್ನು 1995ರಲ್ಲಿ ಅಧ್ಯಕ್ಷರಾಗಿ ಬಹಿರಂಗವಾಗಿ ಒಪ್ಪಿಕೊಂಡು, ಕಪ್ಪುಜನರ ಏಳಿಗೆಗಾಗಿ ಸರಕಾರಿ ಮಂಡಲಿಯೊಂದನ್ನು ನೇಮಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ, ಸೈನಿಕ ಆಳ್ವಿಕೆಯಲ್ಲಿ ಕಣ್ಮರೆಯಾದವರ ಸಾವನ್ನು ರಾಜ್ಯವೇ ಅಂಗೀಕರಿಸುವ ಕಾಯಿದೆಗೆ ಈ ಸೇನಾಧಿಕಾರಿಯ ಮಗ ಸಹಿ ಹಾಕಿದರು. 2001ರಲ್ಲಿ, ಮಗುವನ್ನು ಶಾಲೆಗೆ ಕಳುಹಿಸುವ ಬಡ ಕುಟುಂಬಕ್ಕೆ ತಿಂಗಳಿಗಿಷ್ಟು ನೆರವೆಂಬ ಯೋಜನೆ ದೇಶವ್ಯಾಪಿಯಾಯಿತು. ಹೀಗಿರುವಾಗ ಬರೆದುದೆಲ್ಲವನ್ನೂ ಮರೆತರೆಂದು ಹೇಳುವುದು ನ್ಯಾಯವಲ್ಲ. ಕೆಲವನ್ನು ನಡೆಸಿದರು, ಕೆಲವನ್ನು ನಡೆಸಲಾರದೆ ಹೋದರು.

2003ರ ಜನವರಿ 1ರಂದು ಅವರು ಅಧಿಕಾರವನ್ನು ಒಪ್ಪಿಸಿದ್ದು ಲೂಲ ಎಂಬ, ಅಲ್ಪ ಶಾಲಾಶಿಕ್ಷಣ ಪಡೆದ, ಹಿಂದೆ ಲೋಹದ ಕಾರ್ಖಾನೆಯಲ್ಲಿ ದುಡಿದ ಕಾರ್ಮಿಕ ನಾಯಕರಿಗೆ. ತಮಗೆ ಎರಡು ಸಲ ಸೋತ ಎದುರಾಳಿಗೆ. ಜನರು ನೇರವಾಗಿ ಆರಿಸಿದ ಅಧ್ಯಕ್ಷರೊಬ್ಬರು ಅಂಥ ಮತ್ತೊಬ್ಬರಿಗೆ ಅಧಿಕಾರವನ್ನು ಹಸ್ತಾಂತರಿಸಿದ್ದು 1961ರ ಬಳಿಕ ಆ ದೇಶದಲ್ಲಿ ಅದೇ ಮೊದಲು. ಶಾಲೆಗೆ ಹೋಗುವ ಮಕ್ಕಳ ನೆರವಿನ ಯೋಜನೆಯನ್ನು ಲೂಲ ತಮ್ಮ ದೊಡ್ಡ ಯೋಜನೆಯೊಳಗೆ ಸೇರಿಸಿಕೊಂಡು ಬೆಳೆಸಿದರು. ಪಂಡಿತನು ನೆಟ್ಟುದಕ್ಕೆ ಕಾರ್ಮಿಕನು ನೀರೆರೆದನು.

ವಾಚಕರೇ, ಓದಿದವನು ಅಧಿಕಾರಕ್ಕೆ ಬಂದರೆ ರಾಜ್ಯ ಸ್ವರ್ಗವಾಗುವುದೆಂದು ನಾವು ಹೇಳಲಾರೆವು. ತನಗೆ ತಿಳಿಯದುದನ್ನು ತಿಳಿದವರಿಂದ ಕೇಳುವ ವಿನಯ, ಕಂಡ ಸತ್ಯವನ್ನು ಪೀಠದ ಮೇಲಿದ್ದಾಗಲೂ ಮರೆಯದ ಧೈರ್ಯ, ಕಾಲ ಬಂದಾಗ ಕುರ್ಚಿಯಿಂದೇಳುವ ಸೌಜನ್ಯ — ಈ ಮೂರನ್ನು ಕಲಿಸಿದ ಓದು ವ್ಯರ್ಥವಲ್ಲವೆಂದು ಮಾತ್ರ ಹೇಳಬಲ್ಲೆವು. ಅಧಿಕಾರವೆಂಬುದು ಅಧ್ಯಕ್ಷರಿಗಷ್ಟೇ ಇರುವುದಲ್ಲ. ಮನೆಯ ಯಜಮಾನನಿಗೆ, ಶಾಲೆಯ ಗುರುವಿಗೆ, ಮಠದ ಸ್ವಾಮಿಗೆ, ಎಲ್ಲರಿಗೂ ಒಂದೊಂದು ಪೀಠವುಂಟು. ಅದರ ಮೇಲೆ ಕುಳಿತವರೆಲ್ಲರಿಗೂ ಈ ಪರೀಕ್ಷೆ ತಪ್ಪದು.