ಪರದೆಯ ಮೇಲಿನ ತಾಯಿ ತಂದೆ

ಮಗುವಿಗೆ ಮನೆಯೇ ಮೊದಲ ಪಾಠಶಾಲೆ. ಆ ಮನೆಯಲ್ಲಿ ಈಗ ದೂರದರ್ಶನವೂ ಉಪಾಧ್ಯಾಯನ ಪೀಠವನ್ನೇರಿ ಕುಳಿತಿದೆ. ತಾಯಿಯೆಂದರೆ ಯಾರು, ತಂದೆಯೆಂದರೆ ಯಾರು ಎಂಬುದನ್ನು ಅದು ಮಕ್ಕಳ ಕಾರ್ಟೂನುಗಳ ಮೂಲಕ ಸದ್ದಿಲ್ಲದೆ ಬೋಧಿಸುತ್ತದೆ.

1962ರಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ದಿ ಜೆಟ್ಸನ್ಸ್’ ಮಾಲಿಕೆಯು ನೂರು ವರ್ಷ ಮುಂದಿನ ಲೋಕವನ್ನು ಚಿತ್ರಿಸಿತು. ಅಲ್ಲಿ ಕಾರುಗಳು ಆಕಾಶದಲ್ಲಿ ಹಾರುತ್ತವೆ. ಯಂತ್ರದಾಸಿಯೊಬ್ಬಳು ಮನೆಗೆಲಸ ಮಾಡುತ್ತಾಳೆ. ಆದರೂ ದುಡಿಯಲು ಹೊರಡುವವನು ತಂದೆ, ಮನೆಯಲ್ಲಿ ಉಳಿಯುವವಳು ತಾಯಿ! ಗಗನವನ್ನು ಮುಟ್ಟಿದ ಕಲ್ಪನೆಯು ತಾಯಿಯನ್ನು ಮನೆಯ ಹೊಸ್ತಿಲು ದಾಟಿಸಲಿಲ್ಲ.

2018ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ‘ಬ್ಲೂಯಿ’ಯಲ್ಲಿ ಬೇರೊಂದು ಬಗೆಯ ಮನೆ ಕಾಣುತ್ತದೆ. ಇದು ನಾಯಿಗಳ ಕುಟುಂಬವೊಂದರ ಕಥೆ. ತಂದೆ ಬ್ಯಾಂಡಿಟ್ ಪುರಾತತ್ತ್ವಜ್ಞ. ತಾಯಿ ಚಿಲ್ಲಿ ವಿಮಾನ ನಿಲ್ದಾಣದ ಭದ್ರತಾ ವಿಭಾಗದಲ್ಲಿ ಉದ್ಯೋಗಿ. ಬಟ್ಟೆ ಮಡಿಸುವುದೂ, ಹೆಣ್ಣುಮಕ್ಕಳಿಬ್ಬರ ಆಟದಲ್ಲಿ ರೋಗಿಯಾಗಿ ಮಲಗುವುದೂ ಬ್ಯಾಂಡಿಟ್‌ಗೆ ಕುಂದೆನಿಸುವುದಿಲ್ಲ. ಒಂದು ಕಂತಿನಲ್ಲಿ ದಣಿದ ಚಿಲ್ಲಿಯು 20 ನಿಮಿಷ ತನ್ನ ಬಳಿಗೆ ಯಾರೂ ಬರಬಾರದೆಂದು ಕೇಳಿಕೊಳ್ಳುತ್ತಾಳೆ. ಅಮ್ಮನಿಗೆ ತನ್ನ ಮೇಲೆ ಮುನಿಸೇ ಎಂದು ಹಿರಿಯ ಮಗಳು ಬ್ಲೂಯಿ ಕಳವಳಪಡುತ್ತಾಳೆ. ತಾಯಿಗೂ ಆಯಾಸವುಂಟು, ಆಯಾಸದಿಂದ ಪ್ರೀತಿ ಬತ್ತದು ಎಂಬುದನ್ನು ಆ ಕಂತು ಮನಗಾಣಿಸುತ್ತದೆ.

ಮೈಬಣ್ಣ ನೀಲಿಯಾದುದರಿಂದ ಬ್ಲೂಯಿಯನ್ನು ಹುಡುಗನೆಂದು ಭಾವಿಸುವ ಪ್ರೇಕ್ಷಕರುಂಟು. ಬಣ್ಣಕ್ಕೆ ಗಂಡು ಹೆಣ್ಣೆಂಬ ಭೇದವನ್ನು ಅಂಟಿಸಿದವರು ಮನುಷ್ಯರೇ. ದುಡಿಮೆಗೂ ಅಕ್ಕರೆಗೂ ಅಂಟಿಸಿದವರೂ ಅವರೇ.

ತಂದೆ ಬಟ್ಟೆ ಮಡಿಸುವುದನ್ನು, ತಾಯಿ ಉದ್ಯೋಗಕ್ಕೆ ಹೊರಡುವುದನ್ನು ಕಂಡು ಬೆಳೆದ ಮಗು ಅದನ್ನು ವಿಶೇಷವೆಂದು ಎಣಿಸದು. ಸಂಸಾರ ನಡೆಯುವ ರೀತಿಯೇ ಹಾಗೆಂದು ನಂಬುತ್ತದೆ. ಆ ನಂಬಿಕೆಯ ಮೇಲೆಯೇ ನಾಳೆ ಅದು ಕಟ್ಟುವ ಮನೆ ನಿಲ್ಲುತ್ತದೆ.