ಫೈಲುಗಳಿಗೆ ಬಾಲ ಬೆಳೆದ ರಾತ್ರಿ

"ಕಟ್ ಮಾಡೋ ಫೋನು! ಮೊದಲು ಕಟ್ ಮಾಡು!"

ಅವನ ಕೈಯಿಂದ ಫೋನ್ ಕಿತ್ತುಕೊಂಡೆ. ಆ ಕಡೆಯ ದನಿ ಇಂಗ್ಲಿಷಿನಲ್ಲಿ ಇನ್ನೂ ಮಾತಾಡುತ್ತಲೇ ಇತ್ತು. ಗಾಬರಿಯಾಗಬೇಡಿ ಸರ್, ಒಂದು ಚಿಕ್ಕ ಆ್ಯಪ್ ಹಾಕಿಕೊಳ್ಳಿ, ಪರದೆ ಮೇಲೆ ಬರುವ ಒಂಬತ್ತು ಅಂಕಿ ಹೇಳಿ, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ. ಅಂಕಿ ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಲ್ಯಾಪ್‌ಟಾಪಿನ ಮೌಸು, ಕೀಲಿಮಣೆ, ಬ್ಯಾಂಕಿನ ಪುಟ, ಎಲ್ಲವೂ ಆ ಅಪರಿಚಿತನ ಕೈ ಸೇರುತ್ತಿದ್ದವು.

2019ರ ಸೆಪ್ಟೆಂಬರ್. ಇಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲ್, ಎರಡನೇ ಮಹಡಿ. ಪಕ್ಕದ ರೂಮಿನ ಗೆಳೆಯನ ಲ್ಯಾಪ್‌ಟಾಪ್ ಕೆಂಪಗೆ ಉರಿಯುತ್ತಿತ್ತು. ಪರದೆಯ ತುಂಬಾ ಒಂದೇ ಎಚ್ಚರಿಕೆ: ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಅಕ್ರಮ ಡೌನ್‌ಲೋಡ್ ಪತ್ತೆಯಾಗಿದೆ, ಕಂಪ್ಯೂಟರ್ ಲಾಕ್ ಆಗಿದೆ, ತಕ್ಷಣ ಈ ನಂಬರಿಗೆ ಕರೆ ಮಾಡಿ. ಸ್ಪೀಕರಿನಲ್ಲಿ ಯಂತ್ರದ ಹೆಣ್ಣುದನಿ ಅದನ್ನೇ ಕಿರುಚುತ್ತಿತ್ತು. ಮೌಸ್ ಮಿಸುಕುತ್ತಿರಲಿಲ್ಲ. ಒಂದು ಡಬ್ಬಿ ಮುಚ್ಚಿದರೆ ಇನ್ನೊಂದು ಏಳುತ್ತಿತ್ತು. ಅವನ ಕೈ ನಡುಗುತ್ತಿತ್ತು.

ಎಸ್ಕೇಪ್ ಗುಂಡಿಯನ್ನು ಒತ್ತಿ ಹಿಡಿದೆ. ಪೂರ್ತಿ ಪರದೆ ಕುಗ್ಗಿ ಮಾಮೂಲಿ ಕಿಟಕಿಯಾಯಿತು. ಕಂಟ್ರೋಲ್, ಆಲ್ಟ್, ಡಿಲೀಟ್. ಟಾಸ್ಕ್ ಮ್ಯಾನೇಜರ್. ಬ್ರೌಸರ್ ಆರಿಸಿದೆ, ಎಂಡ್ ಟಾಸ್ಕ್ ಒತ್ತಿದೆ. ಕಿರುಚಾಟ ನಿಂತಿತು. ಅದು ವೈರಸ್ಸೇ ಆಗಿರಲಿಲ್ಲ, ಬರೀ ಒಂದು ವೆಬ್ ಪುಟ. ಪೂರ್ತಿ ಪರದೆ ಆವರಿಸಿಕೊಳ್ಳಲು ಬ್ರೌಸರಿನಲ್ಲಿ ಇರುವ ಸೌಲಭ್ಯವನ್ನೇ ಬಳಸಿ, ಡಬ್ಬಿಯ ಮೇಲೆ ಡಬ್ಬಿ ಎಬ್ಬಿಸಿ, ಕಂಪ್ಯೂಟರ್ ಸ್ತಬ್ಧವಾಯಿತೆಂಬ ಭ್ರಮೆ ಹುಟ್ಟಿಸುವ ಪುಟ. ನಿಜವಾದ ವಿಂಡೋಸ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಮೈಕ್ರೋಸಾಫ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. ಕರೆ ಮಾಡಿದವರಿಗೆ ಈ ವಂಚಕರು ಈವೆಂಟ್ ವ್ಯೂವರ್ ತೆರೆಸುತ್ತಾರೆ. ಯಾವ ಆರೋಗ್ಯವಂತ ಕಂಪ್ಯೂಟರಿನಲ್ಲೂ ಅಲ್ಲಿ ಕೆಂಪು, ಹಳದಿ ಗುರುತುಗಳು ಸಾಲುಗಟ್ಟಿರುತ್ತವೆ. ಅದನ್ನೇ ತೋರಿಸಿ, ನೋಡಿ ಎಷ್ಟು ವೈರಸ್ ಅನ್ನುತ್ತಾರೆ.

"ಏನು ಡೌನ್‌ಲೋಡ್ ಮಾಡ್ತಿದ್ದೆ?"

"ಸಿನಿಮಾ."

"ಅಷ್ಟೇನಾ?"

"ಅಷ್ಟೇ."

ಹನ್ನೊಂದು ಗಂಟೆಯಾಯಿತು. ದಿನವೂ ಆ ಹೊತ್ತಿಗೆ ಹಾಸ್ಟೆಲಿನ ವೈಫೈ ಕಡಿದುಹೋಗುತ್ತಿತ್ತು. ಅಂದೂ ಹೋಯಿತು. ಎಲ್ಲ ರೂಮುಗಳಿಂದಲೂ ವಾರ್ಡನ್‌ಗೆ ಬೈಗುಳದ ಮಂಗಳಾರತಿ ಎದ್ದಿತು. ಆ ಕ್ಷಣ ನಮ್ಮ ಪಾಲಿಗೆ ಎಂಥ ದೊಡ್ಡ ಕೊಡುಗೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಅವನು ಹೇಳದೆ ಬಿಟ್ಟದ್ದು ಇನ್ನೊಂದು ಫೈಲಿನ ವಿಷಯ. ನಾಗಮಂಗಲದ ಕಡೆಯ ಹಳ್ಳಿಯಲ್ಲಿದ್ದ ಅವನ ಅಜ್ಜಿ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಸೋಬಾನೆ ಪದ, ಬೀಸೋ ಪದ, ನಾಟಿ ಪದ ಹೀಗೆ ಅಜ್ಜಿ ಹಾಡಿದ್ದನ್ನೆಲ್ಲ ಅವನು ರಜೆಗೆ ಹೋದಾಗಲೆಲ್ಲ ಧ್ವನಿಮುದ್ರಿಸಿಕೊಂಡಿದ್ದ. ದನದ ಕೊರಳ ಗಂಟೆ, ಮಿಕ್ಸಿಯ ಸದ್ದು, ರಸ್ತೆಯ ಹಾರನ್ನು ಎಲ್ಲವೂ ಅದರಲ್ಲಿ ಸೇರಿಹೋಗಿದ್ದವು. ಅವನ್ನು ತೊಳೆದು ಅಜ್ಜಿಯ ದನಿಯನ್ನಷ್ಟೇ ಉಳಿಸಬೇಕೆಂಬ ಆಸೆ. ಅದಕ್ಕೊಂದು ದುಬಾರಿ ಆಡಿಯೋ ಸಾಫ್ಟ್‌ವೇರ್ ಬೇಕಿತ್ತು. ಸಿನಿಮಾ ಸಿಕ್ಕ ತಾಣದಲ್ಲೇ ಅದರ ಕ್ರ್ಯಾಕ್ ಮಾಡಿದ ಪ್ರತಿಯೂ ಸಿಕ್ಕಿತು. ಜಿಪ್ ಫೈಲು, ಅದಕ್ಕೊಂದು ಪಾಸ್‌ವರ್ಡು, ಜೊತೆಗೊಂದು ಸೂಚನೆ: ಇನ್‌ಸ್ಟಾಲ್ ಮಾಡುವ ಮೊದಲು ಆ್ಯಂಟಿವೈರಸ್ ಆರಿಸಿ.

ಆ ಪಾಸ್‌ವರ್ಡ್ ಇದ್ದದ್ದು ಗುಟ್ಟು ಕಾಪಾಡಲು ಅಲ್ಲ. ಬೀಗ ಹಾಕಿದ ಜಿಪ್ಪಿನ ಒಳಗೆ ಆ್ಯಂಟಿವೈರಸ್ ಇಣುಕಿ ನೋಡಲಾರದು, ಅದಕ್ಕೆ. ಬೀಗ ತೆಗೆಯುವ ಹೊತ್ತಿಗೆ ಕಾವಲುಗಾರನನ್ನು ನಾವೇ ಮಲಗಿಸಿರುತ್ತೇವೆ.

ನಾನು ನನ್ನ ರೂಮಿಗೆ ಮರಳಿದ ಮೇಲೆ ಅವನು ಅದನ್ನು ಇನ್‌ಸ್ಟಾಲ್ ಮಾಡಿದ. ಸ್ವಲ್ಪ ಹೊತ್ತಿಗೆ ನನ್ನ ಬಾಗಿಲು ಬಡಿತ. ಈ ಸಲ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಓಡಿದೆ. ಲ್ಯಾಪ್‌ಟಾಪಿನ ಫ್ಯಾನ್ ಬೊಬ್ಬಿರಿಯುತ್ತಿತ್ತು. ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ಕಿಟಕಿ: ಮುಖ್ಯವಾದ ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆರಿಸಬೇಡಿ. ನೆಟ್ಟೇ ಇಲ್ಲ. ಇಲ್ಲದ ನೆಟ್ಟಿನಲ್ಲಿ ಯಾವ ಅಪ್‌ಡೇಟು? ಕಿಟಕಿಯ ಹಿಂದೆ ಡೆಸ್ಕ್‌ಟಾಪ್ ಕಾಣುತ್ತಿತ್ತು. ನೋಡನೋಡುತ್ತಲೇ ಐಕಾನುಗಳು ಒಂದೊಂದಾಗಿ ಬೆಳ್ಳಗಾಗುತ್ತಿದ್ದವು. ಪ್ರತಿ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕಕ್ಷರದ ಬಾಲ ಬೆಳೆಯುತ್ತಿತ್ತು. ಫೋಟೋಗಳಿಗೆ ಬಾಲ. ಪ್ರಾಜೆಕ್ಟ್ ವರದಿಗೆ ಬಾಲ. 'ಅಜ್ಜಿ' ಎಂದಿದ್ದ ಫೋಲ್ಡರಿನಲ್ಲಿ ಎಲ್ಲಕ್ಕೂ ಬಾಲ.

ಪವರ್ ಗುಂಡಿ ಒತ್ತಿ ಹಿಡಿದೆ. ಬಿಡಲಿಲ್ಲ. ಪರದೆ ಕಪ್ಪಾಯಿತು, ಫ್ಯಾನ್ ನಿಂತಿತು.

"ಆನ್ ಮಾಡಿ ನೋಡೋಣ್ವಾ?" ಅಂದ.

"ಮುಟ್ಟಬೇಡ."

ಇದರ ಹೆಸರು ಸ್ಟಾಪ್ ಡಿಜೆವಿಯು. ರಾನ್ಸಮ್‌ವೇರ್, ಎಂದರೆ ಫೈಲುಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ಮಾರಿ. ಆ ವರ್ಷ ಮನೆ ಕಂಪ್ಯೂಟರುಗಳನ್ನು ಇದರಷ್ಟು ಕಾಡಿದ್ದು ಬೇರೊಂದಿಲ್ಲ. ದೊಡ್ಡ ಕಂಪನಿ, ಆಸ್ಪತ್ರೆ ಇದಕ್ಕೆ ಬೇಕಿರಲಿಲ್ಲ. ಇದು ಬೇಟೆಯಾಡಿದ್ದು ಹಣ ಕೊಡದೆ ಸಾಫ್ಟ್‌ವೇರ್ ಬಳಸಲು ಕ್ರ್ಯಾಕ್, ಕೀಜೆನ್, ಆ್ಯಕ್ಟಿವೇಟರ್ ಹುಡುಕುವವರನ್ನು. ಅಂದರೆ ಹೆಚ್ಚಾಗಿ ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರನ್ನು. ಒಮ್ಮೆ ಒಳಹೊಕ್ಕರೆ ವಿಂಡೋಸ್ ತಾನಾಗಿ ಉಳಿಸಿಕೊಂಡಿರುವ ಹಳೆಯ ಪ್ರತಿಗಳನ್ನು ಅಳಿಸುತ್ತದೆ. ಆ್ಯಂಟಿವೈರಸ್ ತಾಣಗಳು ತೆರೆಯದಂತೆ ಹೋಸ್ಟ್ಸ್ ಫೈಲನ್ನು ತಿದ್ದುತ್ತದೆ. ಐದೈದು ನಿಮಿಷಕ್ಕೊಮ್ಮೆ ತಾನೇ ಎದ್ದು ಕೆಲಸಕ್ಕೆ ಇಳಿಯುವಂತೆ ಟಾಸ್ಕ್ ಒಂದನ್ನು ನೆಟ್ಟಿರುತ್ತದೆ. ಮತ್ತೆ ವಿಂಡೋಸ್ ಆನ್ ಮಾಡಿದ್ದರೆ ಉಳಿದದ್ದನ್ನೂ ಬಾಚುತ್ತಿತ್ತು.

ನನ್ನ ಹತ್ತಿರ ಉಬುಂಟು ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ತುಂಬಿದ ಪೆನ್‌ಡ್ರೈವ್ ಇತ್ತು. ಚುಚ್ಚಿದೆ. ಎಫ್12. ಬೂಟ್ ಮೆನು. ವಿಂಡೋಸ್ ಏಳಲೇ ಇಲ್ಲ, ಅದರೊಳಗೆ ಹೊಂಚು ಹಾಕಿದ್ದ ಮಾರಿಯೂ ಏಳಲಿಲ್ಲ. ಹಾರ್ಡ್ ಡಿಸ್ಕನ್ನು ಓದಲು ಮಾತ್ರ ಎಂಬಂತೆ ತೆರೆದು, ನನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಎಲ್ಲವನ್ನೂ ಸುರಿಯತೊಡಗಿದೆ. ಬಾಲ ಬೆಳೆದದ್ದು, ಬೆಳೆಯದ್ದು, ಎಲ್ಲವನ್ನೂ. ಡಿ ಡ್ರೈವಿನ ಅರ್ಧ ಭಾಗಕ್ಕೆ ಅದು ಇನ್ನೂ ಕೈ ಹಾಕಿರಲಿಲ್ಲ.

ಫೋಲ್ಡರ್ ಫೋಲ್ಡರಿಗೂ ಒಂದೊಂದು ಓಲೆ ಇತ್ತು. ರೀಡ್‌ಮಿ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490. ಆಗಿನ ಲೆಕ್ಕದಲ್ಲಿ ಅರ್ಧ ಬೆಲೆಯೇ ಸುಮಾರು 35,000 ರೂಪಾಯಿ.

"ಅಪ್ಪನ್ನ ಕೇಳ್ತೀನಿ," ಅಂದ. "ಏನಂತ ಕೇಳ್ಲಿ?"

ಆ ಪ್ರಶ್ನೆಯಲ್ಲಿ ಈ ದಂಧೆಯ ಇಡೀ ಬಂಡವಾಳ ಇದೆ ಎಂದು ನಾನು ನಂಬುತ್ತೇನೆ. ಕದ್ದ ಸಿನಿಮಾ, ಕದ್ದ ಸಾಫ್ಟ್‌ವೇರು. ಯಾರ ಮುಂದೆ ಹೇಳಿಕೊಳ್ಳುವುದು? ವಾರ್ಡನ್, ಅಪ್ಪ, ಪೊಲೀಸ್, ಮೂರು ಬಾಗಿಲೂ ಮುಚ್ಚಿದಂತೆ ಕಾಣುತ್ತವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಎಂದಿರುವುದನ್ನು ಎಲ್ಲೋ ಅರೆಬರೆ ಕೇಳಿದವನಿಗೆ, ಪರದೆಯ ಮೇಲೆ 'ಅಕ್ರಮ ಡೌನ್‌ಲೋಡ್' ಎಂಬ ಪದ ಕಂಡರೆ ಸಾಕು, ಎದೆ ಝಲ್ಲೆನ್ನುತ್ತದೆ. 2012ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಹಬ್ಬಿದ ರೆವೆಟಾನ್ ಮಾಡಿದ್ದೂ ಇದನ್ನೇ. ಆಯಾ ದೇಶದ ಪೊಲೀಸ್ ಲಾಂಛನ ಪರದೆಯ ಮೇಲೆ ಮೂಡಿಸಿ, ನೀವು ಹಕ್ಕುಸ್ವಾಮ್ಯದ ವಸ್ತು ಇಳಿಸಿಕೊಂಡಿದ್ದೀರಿ, ದಂಡ ಕಟ್ಟಿ ಎಂದಿತು. ಅಮೆರಿಕದಲ್ಲಿ ಎಫ್‌ಬಿಐ ಹೆಸರಿನಲ್ಲೇ ಬಂತು. ತಪ್ಪು ಮಾಡಿದ ಅಳುಕು ಇದ್ದವರು ಪ್ರಶ್ನೆ ಕೇಳದೆ ಕಟ್ಟಿದರು. ಯಾವ ದೇಶದ ಪೊಲೀಸರೂ ಕಂಪ್ಯೂಟರಿಗೆ ಬೀಗ ಹಾಕಿ ದಂಡ ವಸೂಲಿ ಮಾಡುವುದಿಲ್ಲ. ಆದರೆ ನಾಚಿಕೆ ಮತ್ತು ಭಯ ಒಟ್ಟಿಗೆ ಬಂದಾಗ ಅಷ್ಟು ಸರಳ ಮಾತೂ ಹೊಳೆಯುವುದಿಲ್ಲ. ಅವನು ಮೊದಲ ಸಲವೇ ಜಿಪ್ಪಿನ ಸಂಗತಿ ಹೇಳಿದ್ದರೆ ಈ ರಾತ್ರಿಯೇ ಇರುತ್ತಿರಲಿಲ್ಲ. ಹೇಳದಂತೆ ಅವನ ಬಾಯಿ ಕಟ್ಟಿದ್ದು ಯಾವ ವೈರಸ್ಸೂ ಅಲ್ಲ.

ಅತ್ತ ಕಾಪಿ ಓಡುತ್ತಿತ್ತು, ಇತ್ತ ಇನ್ನೊಂದು ಓಟ ಶುರುವಾಗಿತ್ತು. ಈ ಮಾರಿ ಒಂಟಿಯಾಗಿ ಬರುವುದಿಲ್ಲ. ಆಝೊರಲ್ಟ್ ಎಂಬ ಪಾಸ್‌ವರ್ಡ್ ಕಳ್ಳನನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದುಂಟು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಅದರ ಪಾಲು. ನೆಟ್ ಕಡಿದಿದ್ದರಿಂದ ಅದಕ್ಕೆ ಹೊರಗೆ ಸಾಗಿಸಲು ದಾರಿ ಇರಲಿಲ್ಲವೆಂದು ನಂಬಿ ಸುಮ್ಮನಿರುವ ಹಾಗಿರಲಿಲ್ಲ. ನನ್ನ ಫೋನಿನಿಂದಲೇ ಅವನ ಇಮೇಲ್, ಸ್ಕಾಲರ್‌ಶಿಪ್ ಬರುವ ಬ್ಯಾಂಕ್ ಖಾತೆ, ಒಂದೊಂದರ ಪಾಸ್‌ವರ್ಡೂ ಬದಲಾಯಿತು.

ಆಮೇಲೆ ಓಲೆಯ ಕೊನೆಯ ಸಾಲು ನೋಡಿದೆ. ಅಲ್ಲಿ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಉಸಿರು ಬಿಗಿಹಿಡಿದು ಕೊನೆಯ ಎರಡು ಅಕ್ಷರ ಓದಿದೆ. ಟಿ ಮತ್ತು 1.

"ಇದೆ! ದಾರಿ ಇದೆ ಕಣೋ!"

ಡಿಜೆವಿಯು ಬೀಗ ಹಾಕುವ ಮೊದಲು ತನ್ನ ಯಜಮಾನರ ಸರ್ವರ್ ಸಂಪರ್ಕಿಸಿ ಪ್ರತಿ ಬಲಿಗೂ ಬೇರೆ ಬೇರೆ ಕೀ ತರಿಸಿಕೊಳ್ಳುತ್ತದೆ. ಆ ಕೀಯನ್ನು ಊಹಿಸುವುದು ಅಸಾಧ್ಯ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಒಂದು ಸಿದ್ಧ ಕೀ ಬಳಸುತ್ತದೆ. ಡಿಜೆವಿಯುವಿನ ಒಂದೇ ತಳಿಗೆ ಸಿಕ್ಕಿಬಿದ್ದ, ನೆಟ್ ಇಲ್ಲದ ಎಲ್ಲರಿಗೂ ಅದೇ ಒಂದು ಕೀ. ಯಾರಿಗಾದರೂ ಅದು ಸಿಕ್ಕರೆ ಎಲ್ಲರ ಬೀಗವೂ ಬಿಚ್ಚುತ್ತದೆ. ಕೊನೆಯ ಟಿ1 ಅದರ ಗುರುತು. ಹನ್ನೊಂದಕ್ಕೆ ವೈಫೈ ಕಡಿದ ವಾರ್ಡನ್ ತನಗೆ ಗೊತ್ತಿಲ್ಲದೆಯೇ ಕಳ್ಳರ ದಾರಿ ಕಡಿದಿದ್ದರು.

ಕೀ ಸಿಗುವವರೆಗೆ? ಅಲ್ಲೂ ಒಂದು ಬಿರುಕಿತ್ತು. ಬೇಗ ಬೇಗ ಮುಗಿಸುವ ಅವಸರದಲ್ಲಿ ಇದು ಪ್ರತಿ ಫೈಲಿನ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕುತ್ತದೆ. ಚಿಕ್ಕ ವರ್ಡ್ ಫೈಲು ಪೂರ್ತಿ ಹೋಗುತ್ತದೆ. ಫೋಟೋದ ತಲೆಯೇ ಹೋಗುವುದರಿಂದ ಅದು ತೆರೆಯುವುದಿಲ್ಲ. ಆದರೆ ಎಂಪಿ3? ಅದು ಚಿಕ್ಕ ಚಿಕ್ಕ ತುಣುಕುಗಳ ಸರಣಿ, ಪ್ರತಿ ತುಣುಕಿಗೂ ತನ್ನದೇ ತಲೆ. ಮೊದಲಿನವು ಕೆಟ್ಟರೂ ಆಮೇಲಿನವು ಹಾಡುತ್ತವೆ. 128 ಕೆಬಿಪಿಎಸ್ ರೆಕಾರ್ಡಿಂಗಿನಲ್ಲಿ 150 ಕೆಬಿ ಎಂದರೆ ಸುಮಾರು ಒಂಬತ್ತೂವರೆ ಸೆಕೆಂಡು.

ಒಂದು ಫೈಲಿನ ಪ್ರತಿ ಮಾಡಿ ಬಾಲ ಕತ್ತರಿಸಿದೆ. ವಿಎಲ್‌ಸಿಯಲ್ಲಿ ಹಾಕಿದೆ. ಕರಕರ, ಮೌನ, ಮತ್ತೆ ಕರಕರ. ಥಟ್ಟನೆ ಅಜ್ಜಿ! ನಡುಸಾಲಿನಿಂದ, ಎತ್ತರದ ದನಿಯಲ್ಲಿ, ಹಿಂದೆ ಮಿಕ್ಸಿಯ ಸದ್ದಿನ ಸಮೇತ. ಅವನು ಮಂಚದ ಮೇಲೆ ಕುಸಿದು ಕೂತು ಜೋರಾಗಿ ಅತ್ತ. ಅಕ್ಕಪಕ್ಕದ ರೂಮುಗಳಿಂದ ಹುಡುಗರು ಓಡಿಬಂದರು. ಬೆಳಗಾಗುವವರೆಗೆ ಎಲ್ಲರೂ ಸೇರಿ ಒಂದೊಂದೇ ಹಾಡಿನ ಬಾಲ ಕತ್ತರಿಸಿದೆವು.

ಸೋಬಾನೆಯಲ್ಲಿ ನಷ್ಟ ಕಡಿಮೆ. ಅಜ್ಜಿ ಹೇಳಿದ ಸಾಲನ್ನು ಜೊತೆಯ ಹೆಂಗಸರು ತಿರುಗಿ ಹೇಳುತ್ತಾರಲ್ಲ, ಮೊದಲ ಸಾಲು ಅವರ ಬಾಯಲ್ಲಿ ಉಳಿದಿತ್ತು. ಬೀಸೋ ಪದಗಳಲ್ಲಿ ಹಾಗಿರಲಿಲ್ಲ. ಅವನ್ನು ಅಜ್ಜಿ ಒಬ್ಬರೇ ಹಾಡಿದ್ದರು. ಕಲ್ಲಿಗೆ ಕೈ ಮುಗಿದು ಎತ್ತಿಕೊಳ್ಳುವ ಮೊದಲ ಸಾಲು ಒಂದರಲ್ಲೂ ಇರಲಿಲ್ಲ. ಊರಿನಲ್ಲಿ ಅದನ್ನು ಬಲ್ಲವರು ಬೇರೆ ಯಾರೂ ಉಳಿದಿಲ್ಲವೆಂದು ಅವನು ಅಂದುಕೊಂಡಿದ್ದ. ಪ್ರಾಜೆಕ್ಟ್ ವರದಿ ಮೇಷ್ಟ್ರಿಗೆ ಕಳಿಸಿದ್ದ ಇಮೇಲಿನಲ್ಲಿ ಸಿಕ್ಕಿತು. ಫೋಟೋಗಳು ಸಿಗಲಿಲ್ಲ.

ಅಕ್ಟೋಬರ್ 18ರಂದು ಎಂಸಿಸಾಫ್ಟ್ ಎಂಬ ಸಂಸ್ಥೆ ಮೈಕೆಲ್ ಗಿಲೆಸ್ಪಿ ಜೊತೆ ಸೇರಿ ಉಚಿತ ಡಿಕ್ರಿಪ್ಟರ್, ಎಂದರೆ ಬೀಗ ಬಿಚ್ಚುವ ಸಾಫ್ಟ್‌ವೇರ್, ಬಿಡುಗಡೆ ಮಾಡಿತು. ಗಿಲೆಸ್ಪಿ ಅಮೆರಿಕದ ಇಲಿನಾಯ್‌ನವರು, ಆಗ ಕಂಪ್ಯೂಟರ್ ರಿಪೇರಿ ಅಂಗಡಿಯ ನೌಕರರಾಗಿದ್ದರು. ಬಿಡುವಿನಲ್ಲಿ ಕೂತು ರಾನ್ಸಮ್‌ವೇರ್ ಬೀಗ ಮುರಿದು, ಸಿಕ್ಕ ಪರಿಹಾರವನ್ನು ಬಿಟ್ಟಿಯಾಗಿ ಹಂಚುತ್ತಿದ್ದ ಮನುಷ್ಯ. ಆ ಡಿಕ್ರಿಪ್ಟರಿನಲ್ಲಿ 148 ತಳಿಗಳಿಗೆ ಪರಿಹಾರವಿತ್ತು. ನಮ್ಮ ನಾಲ್ಕಕ್ಷರದ ತಳಿಯ ಕೀ ಅದರಲ್ಲಿ ಇನ್ನೂ ಇರಲಿಲ್ಲ. ಆಗಸ್ಟ್‌ನ ನಂತರ ಬಂದ ತಳಿಗಳು ಬೀಗದ ವಿಧಾನವನ್ನೇ ಬದಲಿಸಿದ್ದವು. ಕಾಯಬೇಕಿತ್ತು.

ಕಾಯುವವರನ್ನೂ ಬೇಟೆಯಾಡುವವರು ಇದ್ದರು. 2020ರ ಜೂನ್, ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳು. ಊರಿನಿಂದ ಅವನ ಫೋನ್, ದನಿಯಲ್ಲಿ ಕುಣಿತ.

"ಹೊಸ ಡಿಕ್ರಿಪ್ಟರ್ ಸಿಕ್ತು! ಎಲ್ಲಾ ತಳಿಗೂ ಆಗುತ್ತಂತೆ! ಇಳಿಸ್ಕೊಂಡಿದೀನಿ!"

"ತೆರೆದ್ಯಾ?"

"ಸ್ಟಾರ್ಟ್ ಸ್ಕ್ಯಾನ್ ಅಂತಿದೆ, ಒತ್ತಲಾ?"

"ಬೇಡ! ಒತ್ತಬೇಡ! ಆಫ್ ಮಾಡು!"

ಆ ತಿಂಗಳು ಝೊರಾಬ್ ಎಂಬ ಹೊಸ ರಾನ್ಸಮ್‌ವೇರ್ ಹರಿದಾಡುತ್ತಿತ್ತು. ಡಿಜೆವಿಯು ಡಿಕ್ರಿಪ್ಟರಿನ ವೇಷ ಹಾಕಿ ಬಂದು, ಮೊದಲೇ ಬೀಗ ಬಿದ್ದ ಫೈಲುಗಳ ಮೇಲೆ ಮತ್ತೊಂದು ಬೀಗ ಜಡಿಯುತ್ತಿತ್ತು. ಗಾಯಗೊಂಡವರನ್ನೇ ಹುಡುಕಿ ಹೊಡೆಯುವ ಇಂಥ ನೀಚತನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಗುರುತಿಸಿ ಲೋಕವನ್ನು ಎಚ್ಚರಿಸಿದವರೂ ಅದೇ ಗಿಲೆಸ್ಪಿ. ಗೆಳೆಯ ಗುಂಡಿ ಒತ್ತಿರಲಿಲ್ಲ. ಈ ಸಲ ಒತ್ತುವ ಮೊದಲು ಫೋನ್ ಮಾಡಿದ್ದ.

ಮುಂದೆ ಒಂದು ಸಂಜೆ ನಿಜವಾದ ಡಿಕ್ರಿಪ್ಟರನ್ನು ಎಂಸಿಸಾಫ್ಟ್ ತಾಣದಿಂದಲೇ ಇಳಿಸಿಕೊಂಡು ಮತ್ತೆ ಓಡಿಸಿದೆವು. ಅವನು ಊರಿನಲ್ಲಿ, ನಾನು ವಿಡಿಯೋ ಕಾಲಿನಲ್ಲಿ. ಆ ತಳಿಯ ಕೀ ಸೇರಿತ್ತು. ಲಾಗಿನಲ್ಲಿ ಫೈಲುಗಳ ಹೆಸರು ಸರಸರನೆ ಓಡಿದವು. ಫೋಟೋಗಳು ತೆರೆದವು. ಬೀಸೋ ಪದದ ಮೊದಲನೇ ಫೈಲು ಹಾಕಿ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದ. ಒಳಮನೆಯಿಂದ ಅವನ ಅವ್ವ ಓಡಿಬಂದು, ಮೊದಲ ಸಾಲನ್ನು ಅಜ್ಜಿಯ ಜೊತೆಗೇ ಎತ್ತಿಕೊಂಡು ಹಾಡಿದರು. ಆ ರಾತ್ರಿಯೇ ಎರಡು ಪ್ರತಿ ಮಾಡಿದ. ಒಂದು ಡಿಸ್ಕ್ ಅವರ ಮನೆಯಲ್ಲಿದೆ, ಇನ್ನೊಂದು ನನ್ನಲ್ಲಿದೆ. ಹಿಂದಿನ ಸದ್ದು ತೊಳೆಯುವ ಕೆಲಸವನ್ನು ಅವನು ಈಗ ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಮಾಡುತ್ತಿದ್ದಾನೆ. ಮಿಕ್ಸಿಯ ಸದ್ದು ಪೂರ್ತಿ ಹೋಗಿಲ್ಲ.